ಹಳೇ ಮಿಯಾಟದ ಗೇರು ಬೀಳದೆ ಹೋದಾಗ

ಮೊದಲು ಹಟ ಹಿಡಿದದ್ದು ರಿವರ್ಸು. ಬೆಳಿಗ್ಗೆ ಆಫೀಸಿಗೆ ಹೊರಟು, ಕ್ಲಚ್ ಒತ್ತಿ ಲಿವರ್ ಎಳೆದರೆ ಕರ್ರ್ ಎಂದು ಹಲ್ಲು ಕಡಿದ ಸದ್ದು. ಎರಡು ದಿನ ಕಳೆಯುವಷ್ಟರಲ್ಲಿ ಫಸ್ಟ್ ಗೇರೂ ಅದೇ ದಾರಿ ಹಿಡಿಯಿತು. ಸಿಗ್ನಲ್ಲಿನಲ್ಲಿ ನಿಂತಿದ್ದೇನೆ, ಹಸಿರು ಬಿದ್ದಿದೆ, ಅಂಗೈ ಕೊಟ್ಟು ದೂಡಿದರೂ ಲಿವರ್ ಒಳಗೆ ಹೋಗುತ್ತಿಲ್ಲ. ಮಿಶಿಗನ್ನಿನ ಜನ ಸುಲಭಕ್ಕೆ ಹಾರನ್ ಹೊಡೆಯುವವರಲ್ಲ. ಅವತ್ತು ಹೊಡೆದರು.

ಗಾಡಿ 1992ರ ಮಾಜ್ದಾ ಎಂಎಕ್ಸ್-5. ಅಮೆರಿಕದಲ್ಲಿ ಎಲ್ಲರ ಬಾಯಲ್ಲೂ ಅದು ಮಿಯಾಟ. 1989ರ ಶಿಕಾಗೊ ಆಟೊ ಶೋದಲ್ಲಿ ಮೊದಲು ಕಾಣಿಸಿಕೊಂಡ ಕಾರು. ಎರಡೇ ಸೀಟು, 1.6 ಲೀಟರ್ ಎಂಜಿನ್, ಐದು ಗೇರು, ತಳ್ಳುವುದು ಹಿಂದಿನ ಚಕ್ರ. ಓಟದಲ್ಲಿ ಇದನ್ನು ಮೀರಿಸುವ ಕಾರು ಬೇಕಾದಷ್ಟಿವೆ. ಜನ ಇದನ್ನು ಇಷ್ಟಪಡುವುದು ಗೇರಿಗಾಗಿ. ಮಣಿಕಟ್ಟು ಆಡಿಸಿದರೆ ಸಾಕು, ಟಿಕ್ ಅಂತ ಬೀಳುತ್ತದೆ. ಅಪ್ಪನ ಅಂಬಾಸಡರಿನ ಸ್ಟೀರಿಂಗ್ ಗೇರಿನಲ್ಲಿ ಕಲಿತ ನನಗೆ ಅದೊಂದು ಚಟವೇ ಆಗಿತ್ತು. ಗೇರು ಬೀಳದ ಮಿಯಾಟ ಎಂದರೆ ಹುಳಿಯಿಲ್ಲದ ಸಾರು.

ಹತ್ತಿರದ ಒಂದು ಗ್ಯಾರೇಜಿಗೆ ಒಯ್ದೆ. ಒಂದು ಸುತ್ತು ಓಡಿಸಿ ಬಂದವರೇ "ಸಿಂಕ್ರೊ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು" ಎಂದರು. ಸಿಂಕ್ರೊ ಎಂದರೆ ಗೇರು ಸದ್ದಿಲ್ಲದೆ ಬೀಳುವಂತೆ ಮಾಡುವ ಒಳಗಿನ ಉಂಗುರ. ಹೇಳಿದ ಮೊತ್ತ ನಾನು ಗಾಡಿಗೆ ಕೊಟ್ಟಿದ್ದರ ಅರ್ಧಕ್ಕಿಂತ ಹೆಚ್ಚು. ಬಾನೆಟ್ ಎತ್ತಿರಲಿಲ್ಲ, ಅಡಿಗೆ ಬಗ್ಗಿರಲಿಲ್ಲ. ಯೋಚಿಸಿ ಹೇಳುತ್ತೇನೆಂದು ವಾಪಸು ಬಂದೆ.

ಹಾಗಂತ ನಾನೇನು ದೊಡ್ಡ ಜಾಣತನ ತೋರಲಿಲ್ಲ. ಗೇರು ಬಿಗಿಯಾದರೆ ಗೇರ್ ಆಯಿಲ್ ಬದಲಿಸು ಎಂಬುದು ಎಲ್ಲರೂ ಹೇಳುವ ಮನೆಮದ್ದು. ನಾನೂ ಅದನ್ನೇ ಮಾಡಿದೆ. ಎರಡು ಲೀಟರ್, ದಪ್ಪ 75ಡಬ್ಲ್ಯು-90, ಜಿಎಲ್-4 ದರ್ಜೆಯದು. ಜಿಎಲ್-5ರಲ್ಲಿ ಗಂಧಕದ ಅಂಶ ಹೆಚ್ಚು, ಕೆಲವು ತಯಾರಿಕೆಗಳು ಹಿತ್ತಾಳೆಯ ಸಿಂಕ್ರೊ ಉಂಗುರಗಳಿಗೆ ಆಗಿಬರುವುದಿಲ್ಲ ಎಂದು ಅದನ್ನು ಬಿಟ್ಟೆ. ಈ ಕೆಲಸ ಮಾಡುವವರಿಗೆ ಒಂದೇ ಮಾತು: ಮೊದಲು ಪಕ್ಕದ ಫಿಲ್ಲರ್ ಬೋಲ್ಟ್ ಸಡಿಲಿಸಿ ನೋಡಿ, ಆಮೇಲೆ ಕೆಳಗಿನದು ಬಿಚ್ಚಿ. ಎಣ್ಣೆಯೆಲ್ಲ ಸುರಿದ ಮೇಲೆ ಮೇಲಿನದು ಕಚ್ಚಿಕೊಂಡು ಕೂತಿದೆ ಎಂದು ಗೊತ್ತಾದರೆ ಗಾಡಿ ಜಾಕ್ ಸ್ಟ್ಯಾಂಡಿನ ಮೇಲೇ ವಾಸ.

ಎಣ್ಣೆ ಬದಲಾಯಿತು, ರಿವರ್ಸು ಬದಲಾಗಲಿಲ್ಲ. ಆದರೆ ಇಳಿಸಿದ ಎಣ್ಣೆ ನನಗೆ ಒಂದು ಸುಳಿವು ಕೊಟ್ಟಿತ್ತು, ಅದನ್ನು ಓದುವ ಬುದ್ಧಿ ನನಗಿರಲಿಲ್ಲ. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಅಂಟಿದ್ದದ್ದು ವಿಭೂತಿಯಷ್ಟು ನುಣ್ಣನೆಯ ಬೂದು ಲೇಪ. ಟ್ರೇಯನ್ನು ಬಿಸಿಲಿಗೆ ಹಿಡಿದರೂ ಹಳದಿ ಮಿಂಚು ಎಲ್ಲೂ ಇಲ್ಲ. ಎರಡು ಗೇರಿನ ಸಿಂಕ್ರೊ ಒಟ್ಟಿಗೆ ಹಾಳಾಗಿದ್ದರೆ ಆ ಹಿತ್ತಾಳೆಯೆಲ್ಲ ಎಲ್ಲಿ ಹೋಯಿತು?

ಗುಟ್ಟು ಬಯಲಾದದ್ದು ಆಕಸ್ಮಿಕವಾಗಿ. ಭಾನುವಾರ ಗ್ಯಾರೇಜು ಗುಡಿಸಬೇಕಿತ್ತು. ಎಂಜಿನ್ ಚಾಲೂ ಮಾಡದೆ ಗಾಡಿಯನ್ನು ಕೈಯಿಂದ ತಳ್ಳಿ ಹೊರಗೆ ನಿಲ್ಲಿಸಿ, ಜಾರದಿರಲಿ ಎಂದು ಫಸ್ಟ್ ಹಾಕಿದೆ. ಸುಲಿದ ಬಾಳೆಹಣ್ಣಿನಷ್ಟು ಸಲೀಸಾಗಿ ಬಿತ್ತು! ಸೆಕೆಂಡ್, ಥರ್ಡ್, ರಿವರ್ಸ್, ಎಲ್ಲವೂ. ಎಂಜಿನ್ ಚಾಲೂ ಮಾಡಿದೆ, ಮತ್ತೆ ಗೋಡೆ.

ಸಿಂಕ್ರೊ ಉಂಗುರದ ಕೆಲಸ ಗೇರಿನ ಶಂಕುವಿಗೆ ಉಜ್ಜಿ ಎರಡು ಕಡೆಯ ವೇಗವನ್ನು ಸಮ ಮಾಡುವುದು. ಸಮವಾಗುವ ತನಕ ಅದೇ ಅಡ್ಡ ನಿಂತು ಲಿವರನ್ನು ತಡೆಯುತ್ತದೆ. ಬಿಡುಗಡೆಯಾಗಿ ಸುತ್ತುವ ಶಾಫ್ಟನ್ನು ಅದು ನಿಲ್ಲಿಸಬಲ್ಲದು. ಕ್ಲಚ್ ಪೂರ್ತಿ ಬಿಡಿಸಿಕೊಳ್ಳದೆ ಆ ಶಾಫ್ಟನ್ನು ಎಂಜಿನ್ನು ಇನ್ನೂ ಎಳೆಯುತ್ತಿದ್ದರೆ ಅಂಗೈಯಗಲದ ಉಂಗುರ ಏನು ಮಾಡೀತು? ತಡೆ ಕೈಗೆ ಸಿಗುತ್ತದೆ, ಆದ್ದರಿಂದ ನಾವು ಗೇರ್‌ಬಾಕ್ಸನ್ನು ಬೈಯುತ್ತೇವೆ. ಮಿಯಾಟದಲ್ಲಿ ನಡುವೆ ಕೇಬಲ್ಲಾಗಲಿ ಉದ್ದನೆಯ ರಾಡಾಗಲಿ ಇಲ್ಲ, ಲಿವರ್ ನೇರ ಗೇರ್‌ಬಾಕ್ಸಿನ ನೆತ್ತಿಯ ಮೇಲೇ ಕೂರುತ್ತದೆ. ಹಾಗಾಗಿ ನನ್ನ ಅನುಮಾನ ಸೀದಾ ಪೆಡಲಿನ ಕಡೆ ತಿರುಗಿತು.

ಇನ್ನೆರಡು ಪರೀಕ್ಷೆ ಮಾಡಿದೆ. ಪೆಡಲನ್ನು ಮೂರು ನಾಲ್ಕು ಸಲ ಬೇಗ ಬೇಗ ಒತ್ತಿ ಹಿಡಿದು ರಿವರ್ಸ್ ಹಾಕಿದರೆ ಸದ್ದಿಲ್ಲದೆ ಬಿತ್ತು. ಸಮತಟ್ಟಾದ ಜಾಗದಲ್ಲಿ ಫಸ್ಟ್ ಹಾಕಿ, ಕ್ಲಚ್ ನೆಲಕ್ಕೆ ಒತ್ತಿಯೇ ಇಟ್ಟರೂ ಗಾಡಿ ಇರುವೆ ನಡೆದಷ್ಟು ಮೆಲ್ಲಗೆ ಮುಂದೆ ಸರಿಯಿತು. ಇಷ್ಟಾದ ಮೇಲೆ ಬಾನೆಟ್ ಎತ್ತಿದೆ (ಇದನ್ನು ಮೊದಲ ದಿನವೇ ಎತ್ತಬೇಕಿತ್ತು). ಕ್ಲಚ್ ಆಯಿಲಿನ ಪುಟ್ಟ ಡಬ್ಬಿಯಲ್ಲಿ ಮಟ್ಟ ಕೆಳಗಿನ ಗೆರೆಗಿಂತ ಕೆಳಗೆ, ಬಣ್ಣ ಎರಡನೇ ಡಿಕಾಕ್ಷನ್ನಿನದು.

ಗಾಡಿಯನ್ನು ಎತ್ತಿ ಸ್ಟ್ಯಾಂಡಿಗೆ ಕೂರಿಸಿ ಅಡಿಗೆ ಹೋದೆ. ಪೆಡಲ್ ಒತ್ತಿದಾಗ ಆಯಿಲಿನ ಒತ್ತಡದಿಂದ ಒಂದು ಕಡ್ಡಿಯನ್ನು ತಳ್ಳಿ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಬಲಬದಿಯಲ್ಲಿ, ಗೇರ್‌ಬಾಕ್ಸಿನ ಗಂಟೆಯಾಕಾರದ ಭಾಗಕ್ಕೆ ಅಂಟಿಕೊಂಡಿದೆ. ಅದರ ಮೂತಿಯ ರಬ್ಬರ್ ಟೊಪ್ಪಿಯನ್ನು ಉಗುರಿನಿಂದ ಮೀಟಿದ್ದೇ ತಡ, ಒಳಗೆ ಕೂಡಿಟ್ಟಿದ್ದ ಕರೀ ನೀರು ಮಣಿಕಟ್ಟಿನಿಂದ ಇಳಿದು ಅಂಗಿ ತೋಳಿಗೆ ಹೋಯಿತು. ಹೆಂಡತಿಯನ್ನು ಕರೆದು ಪೆಡಲ್ ಒತ್ತಿಸಿದೆ. ಅರ್ಧ ಇಂಚು ಚಿಮ್ಮಬೇಕಾದ ಕಡ್ಡಿ ನಾಚಿಕೊಂಡ ಹಾಗೆ ಚೂರೇ ಚೂರು ಮುಂದೆ ಬಂತು.

ಹೊಸ ಸ್ಲೇವ್ ಹಾಕುವುದು ಎರಡು ಬೋಲ್ಟಿನ ಕೆಲಸ. ತಾಳ್ಮೆ ಬೇಕಾದದ್ದು ಆಯಿಲಿನೊಳಗೆ ಸೇರಿದ ಏರ್ ತೆಗೆಯಲಿಕ್ಕೆ. ಏರ್ ಹೊರಬಿಡುವ ತಿರುಪಿಗೆ, ಅಂದರೆ ಬ್ಲೀಡರಿಗೆ, 8 ನಂಬರ್ ಸ್ಪ್ಯಾನರ್, ಪಾರದರ್ಶಕ ಪೈಪು, ಅದರ ತುದಿ ಆಯಿಲ್ ಇದ್ದ ಬಾಟಲಿಯೊಳಗೆ ಮುಳುಗಿರಬೇಕು.

"ಒತ್ತು."

"ಒತ್ತಿದೀನಿ ರೀ. ಬಿಡ್ಲಾ?"

"ಬೇಡ ಬೇಡ, ಹಿಡ್ಕೊಂಡಿರು, ನಾನು ಹೇಳೋ ತನಕ…"

ಅಷ್ಟರಲ್ಲಿ ಒಳಗಿನಿಂದ ಕುಕ್ಕರ್ ಕೂಗಿತು, ಆಕೆ ಕಾಲು ತೆಗೆದಳು, ಪೆಡಲ್ ಮೇಲೆ ಬರುವಾಗ ಗಾಳಿಯನ್ನು ಮತ್ತೆ ಒಳಗೆಳೆದುಕೊಂಡಿತು. ಮೊದಲಿನಿಂದ ಶುರು. ಗುಳ್ಳೆ ನಿಂತು ತಿಳಿಯಾದ ಹೊಸ ಕ್ಲಚ್ ಆಯಿಲ್ (ಡಾಟ್-4) ಬರುವ ಹೊತ್ತಿಗೆ ಕಾಲು ಬಾಟಲಿ ಖಾಲಿ. ಈ ಆಯಿಲ್ ಗಾಡಿಯ ಪೇಂಟನ್ನು ತಿನ್ನುತ್ತದೆ, ಚೆಲ್ಲಿದ ಕಡೆ ತಕ್ಷಣ ನೀರು ಹಾಕಿ.

ರಿವರ್ಸು ಬಿತ್ತು. ಆದರೆ ಲಿವರಿಗೆ ಆ ಹಳೆಯ ಟಿಕ್ ಇನ್ನೂ ಬಂದಿರಲಿಲ್ಲ, ಮರಳಿನಲ್ಲಿ ಕೋಲು ಆಡಿಸಿದ ಹಾಗೆ. ಇದು ಬೇರೆಯೇ ಕಾಯಿಲೆ. ಈ ಗೇರ್‌ಬಾಕ್ಸಿನಲ್ಲಿ ಲಿವರಿನ ಬುಡಕ್ಕೆ ಅದರದ್ದೇ ಒಂದು ಸಣ್ಣ ಎಣ್ಣೆ ಗುಂಡಿ ಇದೆ, ಕೆಳಗೆ ಎರಡು ಲೀಟರ್ ಹೊಸದು ತುಂಬಿದರೂ ಇದಕ್ಕೆ ಒಂದು ತೊಟ್ಟೂ ಸೇರುವುದಿಲ್ಲ. ಸೀಟುಗಳ ನಡುವಿನ ಕನ್ಸೋಲ್ ಬಿಚ್ಚಿ ನೋಡಿದರೆ ಲಿವರಿನ ಬುಡ ಮುಚ್ಚುವ ಒಳಗಿನ ರಬ್ಬರ್ ಬೂಟು ಉದ್ದಕ್ಕೂ ಹರಿದಿತ್ತು, ಗುಂಡಿ ಬತ್ತಿತ್ತು. ಬೇಸಿಗೆಯಲ್ಲಿ ಗೇರಿನ ಸುತ್ತ ಬಿಸಿಗಾಳಿ ಬರುತ್ತಿದ್ದದ್ದು ಇದಕ್ಕೇ. ಲಿವರಿನ ತುದಿಗೆ ಟೊಪ್ಪಿಯಂತೆ ಕೂರುವ ನೈಲಾನ್ ಬುಷ್ ಎರಡು ತುಂಡಾಗಿ, ಎಲೆಯಡಿಕೆ ಹಾಕುವವರ ಹಲ್ಲಿನ ಬಣ್ಣಕ್ಕೆ ತಿರುಗಿತ್ತು. ತುಂಡುಗಳನ್ನು ಚಿಮುಟದಲ್ಲಿ ಎತ್ತಿ, ಎರಡನ್ನೂ ಜೋಡಿಸಿ ಪೂರ್ತಿ ಇದೆಯೇ ಎಂದು ನೋಡಿಕೊಂಡು, ಆಮೇಲೆ ಹೊಸ ಬುಷ್, ಹೊಸ ಬೂಟು, ಸುಮಾರು 80 ಮಿಲಿ ಗೇರ್ ಆಯಿಲ್. ಟಿಕ್ ವಾಪಸು ಬಂತು.

ಮೂರು ವಾರಕ್ಕೆ ಪೆಡಲ್ ಮತ್ತೆ ಮೆತ್ತಗಾಯಿತು. ಈ ಸಲ ಸೋರಿದ್ದು ಪೆಡಲಿನ ಕಡೆಯಿಂದ ಸ್ಲೇವಿಗೆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್, ಪೆಡಲಿನ ಹಿಂದಿನ ಕಾರ್ಪೆಟ್ ಒದ್ದೆ. ಹಳೇ ಮಾಸ್ಟರಿನ ಸೀಲು ವರ್ಷಗಟ್ಟಲೆ ಒಂದೇ ಅಳತೆಯಲ್ಲಿ ಓಡಾಡಿಕೊಂಡಿರುತ್ತದೆ. ಏರ್ ತೆಗೆಯುವಾಗ ನೆಲ ಮುಟ್ಟುವ ತನಕ ಒತ್ತಿಸಿದೆವಲ್ಲ, ತುಕ್ಕಿರುವ ಭಾಗಕ್ಕೂ ಹೋಗಿ ಗೀರು ತಿಂದಿರಬೇಕು. ಎರಡನ್ನೂ ಒಟ್ಟಿಗೆ ಬದಲಿಸಬೇಕಿತ್ತು, ಕಾಸು ಉಳಿಸಲು ಹೋಗಿ ಒಂದೇ ಕೆಲಸವನ್ನು ಎರಡು ಸಲ ಮಾಡಿದೆ. ಎರಡನೇ ಸಲ ಕುಕ್ಕರ್ ಇಳಿಸಿದ ಮೇಲೆಯೇ ಶುರು ಮಾಡಿದೆವು.

ಚಳಿ ಬೆಳಿಗ್ಗೆ ಮೊದಲ ಐದು ನಿಮಿಷ ಸೆಕೆಂಡ್ ಗೇರು ಈಗಲೂ ಗೊಣಗುತ್ತದೆ. ಈ ಕಾರುಗಳಲ್ಲಿ ಅದು ಮಾಮೂಲು, ಎಣ್ಣೆ ಬಿಸಿಯಾದ ಮೇಲೆ ಇರುವುದಿಲ್ಲ. ಅಲ್ಲಿಯ ತನಕ ಅಪ್ಪ ಕಲಿಸಿದ ಹಾಗೆ ನ್ಯೂಟ್ರಲ್‌ನಲ್ಲಿ ಒಮ್ಮೆ ಕ್ಲಚ್ ಬಿಟ್ಟು, ಮತ್ತೆ ಒತ್ತಿ ಸೆಕೆಂಡ್ ಹಾಕುತ್ತೇನೆ.