ಕಾಡಿನೊಳಗೆ ಮರೆಯಾದ ಹಾಳೂರು: ಹುಡುಕುವ, ಓದುವ, ದಾಖಲಿಸುವ ಬಗೆ

ಹಾಳೂರು ಹುಡುಕಲು ಕಾಡಿಗೆ ಹೊರಟವರ ಕಣ್ಣು ಸಾಮಾನ್ಯವಾಗಿ ಗೋಡೆಯನ್ನು ಅರಸುತ್ತದೆ. ಎಷ್ಟೋ ಮಂದಿ ಬರಿಗೈಯಲ್ಲಿ ಮರಳುವುದು ಇದರಿಂದಲೇ. ಜನ ಬಿಟ್ಟುಹೋದ ಮನೆಯಲ್ಲಿ ಮೊದಲು ಕುಸಿಯುವುದು ಮಾಡು. ಆಮೇಲೆ ಮಳೆನೀರು ಗೋಡೆಯ ನೆತ್ತಿಯಿಂದಲೇ ಒಳಗಿಳಿಯುತ್ತದೆ. ಮಣ್ಣಿನ ಗೋಡೆ ಕರಗಿ ದಿಬ್ಬವಾಗುತ್ತದೆ, ಮರದ ಕಂಬ ತೊಲೆಗಳನ್ನು ಗೆದ್ದಲೂ ಅಣಬೆಯೂ ತಿಂದು ಮುಗಿಸುತ್ತವೆ, ಒಳ್ಳೆಯ ಕಲ್ಲನ್ನು ಬೇರೆಡೆ ಮನೆ ಕಟ್ಟಿದವರು ಹೊತ್ತೊಯ್ದಿರುತ್ತಾರೆ. ಕೊನೆಗೆ ಉಳಿಯುವುದು ನೆಲದ ಆಕಾರ: ಇಳಿಜಾರಿನ ನಡುವೆ ಕಾರಣವಿಲ್ಲದೆ ಮಟ್ಟಸವಾಗಿರುವ ಜಾಗ, ನೇರ ಗೆರೆ, ಚೌಕ ಮೂಲೆ, ಅಲ್ಲಿ ಇರಬಾರದ ಗಿಡ. ಹುಡುಕಬೇಕಾದದ್ದು ಇವನ್ನು.

ಹೊರಡುವ ಮುನ್ನ

ಆ ಜಾಗ ಯಾರದ್ದು ಎಂದು ಮೊದಲು ತಿಳಿದುಕೊಳ್ಳಿ. ಖಾಸಗಿ ಜಮೀನಾದರೆ ಒಡೆಯರ, ಸಂರಕ್ಷಿತ ಕಾಡಾದರೆ ಅರಣ್ಯ ಇಲಾಖೆಯ ಅನುಮತಿ ಲಿಖಿತವಾಗಿ ಕೈಯಲ್ಲಿರಲಿ.

ಅರ್ಧಕ್ಕಿಂತ ಹೆಚ್ಚು ಕೆಲಸ ಮೇಜಿನ ಮುಂದೆಯೇ ಮುಗಿಯಬೇಕು. ಹಳೆಯ ಸರ್ವೆ ನಕ್ಷೆಗಳಲ್ಲಿ, ಈಗ ಮನೆಯೇ ಇಲ್ಲದ ಕಡೆ ಇರುವ ಊರ ಹೆಸರುಗಳನ್ನು ಗುರುತು ಹಾಕಿಕೊಳ್ಳಿ. ನಾಲ್ಕಾರು ಕಾಲುದಾರಿಗಳು ಬಂದು ಸೇರುವ ಖಾಲಿ ಜಾಗವೂ ಅಷ್ಟೇ ಬೆಲೆಯ ಸುಳಿವು. ದಾರಿಗಳು ಸುಮ್ಮನೆ ಒಂದೆಡೆ ಕೂಡುವುದಿಲ್ಲ. ಅಂಥ ನಕ್ಷೆಯನ್ನು ನಕ್ಷೆ ಕೆಲಸದ ಕ್ಯೂಜಿಐಎಸ್ ತಂತ್ರಾಂಶದಲ್ಲಿ ಇಂದಿನ ನಕ್ಷೆಯ ಮೇಲೆ ಕೂರಿಸಬೇಕು. ಸರಳ ಲೆಕ್ಕಕ್ಕೆ ಎರಡೂ ನಕ್ಷೆಗಳಲ್ಲಿ ಗುರುತಿಸಬಲ್ಲ 3 ಬಿಂದುಗಳು ಸಾಕಾಗುತ್ತವೆ, ಆದರೆ 3ರಲ್ಲಿ ಒಂದು ತಪ್ಪಿದರೂ ನಿಮಗೆ ಗೊತ್ತಾಗುವುದಿಲ್ಲ. ಹಾಳೆಯ ನಾಲ್ಕೂ ಕಡೆ ಹರಡಿದ 8ರಿಂದ 12 ಬಿಂದುಗಳನ್ನು ಕೊಡಿ. ಹಳೆಯ ಸೇತುವೆ, ಬೆಟ್ಟದ ತುದಿ, ಪೂಜಾಸ್ಥಳಗಳು ಇದಕ್ಕೆ ಒಳ್ಳೆಯವು. ಹೊಳೆಯ ತಿರುವು ಬೇಡ, ಹೊಳೆ ಪಾತ್ರ ಬದಲಿಸುತ್ತದೆ. 1:50,000 ಅಳತೆಯ ನಕ್ಷೆಯಲ್ಲಿ ಹಾಳೆಯ ಮೇಲಿನ 1 ಮಿಲಿಮೀಟರ್ ನೆಲದ ಮೇಲೆ 50 ಮೀಟರ್. ಆದ್ದರಿಂದ ಗುರುತು ಬಿದ್ದ ಬಿಂದುವಿನ ಸುತ್ತ ಕನಿಷ್ಠ 100 ಮೀಟರ್ ತ್ರಿಜ್ಯದ ವೃತ್ತವನ್ನು ಹುಡುಕಾಟದ ಜಾಗ ಎಂದುಕೊಳ್ಳಿ. ಬಿಂದುವಿನ ಮೇಲೇ ನಿಂತು ಏನೂ ಇಲ್ಲ ಎಂದು ಹಿಂತಿರುಗುವುದು ತೀರಾ ಸಾಮಾನ್ಯವಾದ ತಪ್ಪು.

ಆ ಪ್ರದೇಶದ ಲೈಡಾರ್ ದತ್ತಾಂಶ ಸಿಕ್ಕರೆ ಅದೇ ಎಲ್ಲಕ್ಕಿಂತ ದೊಡ್ಡ ನೆರವು. ವಿಮಾನದಿಂದ ಬಿಟ್ಟ ಲೇಸರ್ ಕಿರಣಗಳಲ್ಲಿ ಕೆಲವು ಎಲೆಗಳ ಸಂದಿಯಿಂದ ನೆಲ ಮುಟ್ಟಿ ಮರಳುತ್ತವೆ. ಅವನ್ನಷ್ಟೇ ಸೋಸಿದರೆ ಮರಗಳಿಲ್ಲದ ನೆಲ ಕಣ್ಣಿಗೆ ಬೀಳುತ್ತದೆ. ಬೆಲೀಜ್ ದೇಶದ ಕರಾಕೋಲ್‌ನಲ್ಲಿ 2009ರಲ್ಲಿ ಸುಮಾರು 200 ಚದರ ಕಿಲೋಮೀಟರ್ ಕಾಡಿನಡಿಯ ಮಾಯಾ ಜನಾಂಗದ ನಗರ ಕಂಡದ್ದೂ, 2012ರಲ್ಲಿ ಕಾಂಬೋಡಿಯಾದ ಫ್ನೊಮ್ ಕುಲೆನ್ ಬೆಟ್ಟದ ಮೇಲೆ ಮಹೇಂದ್ರಪರ್ವತ ಎಂಬ ಹಳೆಯ ನಗರದ ಬೀದಿಗಳ ಜಾಲ ಕಂಡದ್ದೂ ಹೀಗೆಯೇ. ಇಂಗ್ಲೆಂಡ್, ಅಮೆರಿಕದಂಥ ದೇಶಗಳು ಈ ದತ್ತಾಂಶವನ್ನು ಉಚಿತವಾಗಿ ಕೊಡುತ್ತವೆ. ಎತ್ತರದ ದತ್ತಾಂಶದ ಒಂದೊಂದು ಚೌಕ 1 ಮೀಟರ್ ಅಥವಾ ಅದಕ್ಕಿಂತ ಚಿಕ್ಕದಾಗಿದ್ದರೆ ಮಾತ್ರ ಮನೆಯ ತಳಪಾಯ ಕಾಣುತ್ತದೆ. ಎಲ್ಲೆಡೆ ಸಿಗುವ 30 ಮೀಟರ್ ದತ್ತಾಂಶದಲ್ಲಿ ಇಡೀ ಮನೆಯೇ ಒಂದು ಚೌಕದೊಳಗೆ ಮಾಯವಾಗುತ್ತದೆ, ಅದರ ಮೇಲೆ ಸಮಯ ಕಳೆಯಬೇಡಿ.

ಈ ದತ್ತಾಂಶದ ಮೇಲೆ ಕೃತಕ ಬೆಳಕು ಬೀಳಿಸಿ ನೆಲದ ಏರಿಳಿತ ತೋರಿಸುವ ನೆರಳಿನ ಚಿತ್ರ ತಯಾರಿಸುವಾಗ ತಂತ್ರಾಂಶಗಳು ಸಾಮಾನ್ಯವಾಗಿ ಬೆಳಕನ್ನು ವಾಯವ್ಯದಿಂದ, 315 ಡಿಗ್ರಿಯಿಂದ, 45 ಡಿಗ್ರಿ ಎತ್ತರದಲ್ಲಿ ಬೀಳಿಸುತ್ತವೆ. ವಾಯವ್ಯದಿಂದ ಆಗ್ನೇಯಕ್ಕೆ ಸಾಗುವ ಗೋಡೆ ಬೆಳಕಿನ ಜೊತೆಗೇ ಮಲಗಿರುವುದರಿಂದ ಅದಕ್ಕೆ ನೆರಳೇ ಬೀಳುವುದಿಲ್ಲ. ಕನಿಷ್ಠ ನಾಲ್ಕು, ಸಾಧ್ಯವಾದರೆ ಎಂಟು ದಿಕ್ಕಿನಿಂದ ಚಿತ್ರ ತೆಗೆದು ಹೋಲಿಸಿ. ಸಮತಟ್ಟು ನೆಲಕ್ಕೆ ಬೆಳಕಿನ ಎತ್ತರವನ್ನು 20–25 ಡಿಗ್ರಿಗೆ ಇಳಿಸಿ.

ನೆಲವನ್ನು ಓದುವುದು

ಇಳಿಜಾರಿನಲ್ಲಿ ಮನೆ ಕಟ್ಟಿದವರು ಹಿಂಬದಿಯ ಧರೆ ಕಡಿದು, ಆ ಮಣ್ಣನ್ನು ಮುಂದೆ ತುಂಬಿ ಜಾಗ ಮಾಡಿಕೊಳ್ಳುತ್ತಾರೆ. ಹಿಂದೆ ಕಡಿದ ಧರೆ, ನಡುವೆ ಮಟ್ಟಸ ನೆಲ, ಮುಂದೆ ಉಬ್ಬಿದ ಅಂಚು, ಈ ಮೂರೂ ಜೊತೆಗಿದ್ದರೆ ಅದು ಮನುಷ್ಯನ ಕೈಕೆಲಸ ಎಂದು ಬಹುಪಾಲು ನಂಬಬಹುದು. ಕರಗಿದ ಮಣ್ಣಿನ ಮನೆ ನಾಲ್ಕು ಬದಿಯಲ್ಲಿ ಮೊಣಕಾಲೆತ್ತರದ ಏರಿ, ನಡುವೆ ತಗ್ಗು ಇರುವ ಚೌಕವಾಗಿ ಉಳಿಯುತ್ತದೆ. ಏರಿಯ ಒಂದು ಬದಿ ತುಂಡಾಗಿದ್ದರೆ ಬಾಗಿಲು ಅಲ್ಲಿದ್ದಿರಬಹುದು. ಒಲೆ ಇದ್ದ ಕಡೆ ಮಣ್ಣು ಸುಟ್ಟು ಕೆಂಪಾಗಿರುತ್ತದೆ.

ಒಂದು ಮನೆ ಸಿಕ್ಕರೆ ಅಲ್ಲೇ ನಿಲ್ಲಬೇಡಿ. ಸುತ್ತ ವೃತ್ತವನ್ನು ಹಿಗ್ಗಿಸುತ್ತ ನಡೆಯಿರಿ. ಕಸ ಎಸೆಯುತ್ತಿದ್ದುದು ಹೆಚ್ಚಾಗಿ ಮನೆಯ ಕೆಳಗಿನ ಇಳಿಜಾರಿಗೆ. ಅಲ್ಲಿನ ಮಣ್ಣು ಸುತ್ತಲಿಗಿಂತ ಕಪ್ಪಾಗಿ, ಮಡಕೆ ಚೂರು, ಮೂಳೆ, ಚಿಪ್ಪುಗಳಿಂದ ಕೂಡಿರುತ್ತದೆ. ಗುಳ್ಳೆ ಗುಳ್ಳೆಯಾದ ಭಾರದ ಕಪ್ಪು ತುಂಡುಗಳು ಕಂಡರೆ ಅದು ಕಿಟ್ಟ, ಅಂದರೆ ಹತ್ತಿರದಲ್ಲೇ ಕಬ್ಬಿಣ ಕರಗಿಸುತ್ತಿದ್ದರು ಅಥವಾ ಕುಲುಮೆ ಇತ್ತು. ಹಳೆಯ ಬಂಡಿದಾರಿ ಇಳಿಜಾರಿನಲ್ಲಿ ನೀರೂ ಗಾಲಿಯೂ ಸವೆಸಿದ ಆಳವಾದ ಕೊರಕಲಾಗಿ ಉಳಿದಿರುತ್ತದೆ. ಅದನ್ನೇ ಹಿಡಿದು ಹೋದರೆ ಮುಂದಿನ ಮನೆಯೋ ನೀರಿನ ಜಾಗವೋ ಸಿಗುತ್ತದೆ. ಹೊಲದಿಂದ ಆರಿಸಿ ಒಟ್ಟಿದ ಕಲ್ಲುಗುಡ್ಡೆಗಳು, ಬದುಗಳು ಊರಿನ ವ್ಯಾಪ್ತಿ ಎಲ್ಲಿಯವರೆಗೆ ಇತ್ತೆಂದು ಹೇಳುತ್ತವೆ. ಮನೆಗಿಂತ ಇವೇ ಹೆಚ್ಚು ಕಾಲ ಬಾಳುವುದರಿಂದ ಹುಡುಕಾಟವನ್ನು ಇವುಗಳಿಂದಲೇ ಶುರುಮಾಡುವುದು ಎಷ್ಟೋ ವೇಳೆ ಜಾಣತನ.

ಗಿಡಮರಗಳ ಸಾಕ್ಷ್ಯವನ್ನು ಹೊಸಬರು ಕಡೆಗಣಿಸುತ್ತಾರೆ. ಮನೆಯ ಬೂದಿ, ಸಗಣಿ, ಮೂಳೆಗಳಿಂದ ನೆಲ ಸೇರಿದ ರಂಜಕ ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ, ಕ್ಯಾಲ್ಸಿಯಂ ಜೊತೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಮಳೆಗೆ ಸುಲಭವಾಗಿ ತೊಳೆದುಹೋಗುವುದಿಲ್ಲ. ಸಾರ ಬಯಸುವ ಗಿಡಗಳು ಅಂಥ ಜಾಗದಲ್ಲೇ ದಟ್ಟವಾಗುತ್ತವೆ. ತಂಪು ಸೀಮೆಗಳಲ್ಲಿ ತುರಿಕೆ ಗಿಡದ ಹಿಂಡು ಇದಕ್ಕೆ ಪ್ರಸಿದ್ಧ ಉದಾಹರಣೆ. ಫ್ರಾನ್ಸಿನ ತ್ರಾಂಸೇ ಕಾಡಿನಲ್ಲಿ ರೋಮನ್ನರ ಕಾಲದ ವಸತಿಗಳ ಸುತ್ತ ಇಂದಿಗೂ ಸಸ್ಯಗಳ ಬಗೆ ಬೇರೆಯಾಗಿಯೇ ಇದೆ ಎಂಬುದನ್ನು 2007ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹಣ್ಣಿನ ಮರ, ಗಡ್ಡೆಯಿಂದ ಮರುಹುಟ್ಟುವ ಹೂಗಿಡ, ಸಾಲಾಗಿ ನಿಂತ ಒಂದೇ ವಯಸ್ಸಿನ ಮರಗಳನ್ನೂ ಗಮನಿಸಿ. ಆದರೆ ಒಂಟಿ ಹಣ್ಣಿನ ಮರವನ್ನು ನಂಬಬೇಡಿ, ಹಕ್ಕಿಯೋ ಬಾವಲಿಯೋ ಬೀಜ ತಂದು ಹಾಕಿರಬಹುದು. ಮರದ ಜೊತೆ ಮಟ್ಟಸ ನೆಲವೂ ಇದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮೋಸ ಹೋಗುವುದು ಎಲ್ಲಿ

ಗಾಳಿಗೆ ಬುಡಮೇಲಾದ ದೊಡ್ಡ ಮರ ಕೊಳೆತ ಮೇಲೆ ಒಂದು ಗುಂಡಿ, ಅದರ ಒಂದೇ ಮಗ್ಗುಲಲ್ಲಿ ಒಂದು ಗುಡ್ಡೆ ಉಳಿಯುತ್ತವೆ. ಮನುಷ್ಯ ತೋಡಿದ ಗುಂಡಿಯ ಮಣ್ಣು ಸಾಮಾನ್ಯವಾಗಿ ಹೀಗೆ ಒಂದೇ ಕಡೆ ಕೂರುವುದಿಲ್ಲ. ಅಂಥ ಹಲವು ಜೋಡಿಗಳು ಒಂದೇ ದಿಕ್ಕಿಗಿದ್ದರೆ ಅದು ಬಿರುಗಾಳಿಯ ಕೆಲಸ. ಇದ್ದಿಲು ಸುಡುತ್ತಿದ್ದ ಕಣಗಳು ಸಾಮಾನ್ಯವಾಗಿ 8ರಿಂದ 12 ಮೀಟರ್ ಅಗಲದ ಗುಂಡನೆಯ ಮಟ್ಟಸ ಜಾಗಗಳು. ಎಲೆ ಸರಿಸಿದರೆ ಇದ್ದಿಲಿನ ಕರಿ ಮಣ್ಣು ಕಾಣುತ್ತದೆ. ಲೈಡಾರ್ ಚಿತ್ರದಲ್ಲಿ ಇವನ್ನು ಗುಡಿಸಲು ಎಂದು ತಪ್ಪು ತಿಳಿಯುವವರು ಬಹಳ. ಬಂಡೆಯೂ ನೇರವಾಗಿ ಸೀಳುತ್ತದೆ. ಕಲ್ಲಿನ ಮೇಲೆ ಇನ್ನೊಂದು ಕಲ್ಲನ್ನು ಸಂದಿ ತಪ್ಪಿಸಿ ಕೂರಿಸಿದ್ದರೆ ಅಥವಾ ನಡುವೆ ಗಾರೆ ಇದ್ದರೆ ಮಾತ್ರ ಗೋಡೆ ಎನ್ನಿ.

ನಡೆಯುವ ಕ್ರಮ

ತಂಪು ಸೀಮೆಯಲ್ಲಿ ಎಲೆಯುದುರಿದ ತಿಂಗಳುಗಳು, ಉಷ್ಣ ಸೀಮೆಯಲ್ಲಿ ಕೆಳಪೊದೆ ಒಣಗಿದ ಬೇಸಿಗೆ ಒಳ್ಳೆಯ ಕಾಲ. ಬೆಳಿಗ್ಗೆ ಬಿಸಿಲು ಓರೆಯಾಗಿದ್ದಾಗ 20 ಸೆಂಟಿಮೀಟರ್ ಎತ್ತರದ ಏರಿಗೂ ನೆರಳು ಬೀಳುತ್ತದೆ, ನಡುಹಗಲಿನಲ್ಲಿ ಅದೇ ಏರಿ ಕಾಣುವುದಿಲ್ಲ. ಮೂವರು 10 ಮೀಟರ್ ಅಂತರದಲ್ಲಿ ಸಾಲಾಗಿ, ದಿಕ್ಸೂಚಿಯ ಒಂದೇ ಕೋನ ಹಿಡಿದು ನಡೆಯಬೇಕು. ಪೊದೆಯ ನಡುವೆ ಅಂತರ 20 ಮೀಟರ್ ಆದರೆ ಇಬ್ಬರ ನಡುವಿನ ಬಾವಿಯೂ ತಪ್ಪಿಹೋಗುತ್ತದೆ. ಮರಗಳಡಿ ಮೊಬೈಲಿನ ಜಿಪಿಎಸ್ 5ರಿಂದ 10 ಮೀಟರ್ ತಪ್ಪುವುದು ಮಾಮೂಲು, ಕಣಿವೆಯಲ್ಲಿ ಇನ್ನೂ ಹೆಚ್ಚು. ಒಂದೇ ಕಡೆ ಕೆಲವು ನಿಮಿಷ ನಿಂತು ಸರಾಸರಿ ತೆಗೆದುಕೊಳ್ಳಿ. ಅಕ್ಷಾಂಶ ರೇಖಾಂಶಗಳನ್ನು ಐದು ದಶಮಾಂಶ ಸ್ಥಾನಗಳವರೆಗೆ ಬರೆದರೆ ಸಾಕು, ಅದೇ ಸುಮಾರು 1 ಮೀಟರಿಗೆ ಸಮ.

ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಬಾವಿ. ಮುಚ್ಚಿದ ಹಲಗೆ ಕೊಳೆತು, ಮೇಲೆ ತರಗೆಲೆ ಹಾಸಿಕೊಂಡಿರುತ್ತದೆ. ಮನೆಯ ಸುತ್ತ ನಡೆಯುವಾಗ ಒಂದೂವರೆ ಮೀಟರ್ ಉದ್ದದ ಗಟ್ಟಿ ಕೋಲಿನಿಂದ ಮುಂದಿನ ನೆಲವನ್ನು ಒತ್ತಿ ನೋಡಿಯೇ ಹೆಜ್ಜೆ ಇಡಿ. ಬಾವಿಗೋ ನೆಲಮಾಳಿಗೆಗೋ ಇಳಿಯಲೇಬೇಡಿ. ಕೆಳಗೆ ಇಂಗಾಲದ ಡೈಆಕ್ಸೈಡ್ ತುಂಬಿ ಉಸಿರಾಡುವ ಗಾಳಿಯೇ ಇಲ್ಲದಿರಬಹುದು, ಎತ್ತಲು ಇಳಿದವರೂ ಸಾಯುತ್ತಾರೆ. ನಿಂತಿರುವ ಗೋಡೆಯಿಂದ ಅದರ ಎತ್ತರದ ಒಂದೂವರೆ ಪಟ್ಟು ದೂರವಿರಿ. ಕಲ್ಲಿನ ಸಂದಿಗೆ ಕೈ ಹಾಕಬೇಡಿ, ಹಾವಿರಬಹುದು. ಬಾವಲಿಗಳ ಹಿಕ್ಕೆ ರಾಶಿಬಿದ್ದ ಕೋಣೆಗೆ ಹೋಗಬೇಡಿ, ಆ ಧೂಳಿನಿಂದ ಶ್ವಾಸಕೋಶಕ್ಕೆ ಶಿಲೀಂಧ್ರದ ಸೋಂಕು ತಗಲುತ್ತದೆ. ಹೋಗುವ ದಾರಿ, ಮರಳುವ ಹೊತ್ತು ಹೊರಗಿನ ಒಬ್ಬರಿಗೆ ತಿಳಿದಿರಲಿ.

ದಾಖಲೆ

ಅಗೆಯಬೇಡಿ, ಏನನ್ನೂ ಒಯ್ಯಬೇಡಿ. ಒಂದು ಮಡಕೆ ಚೂರಿನ ಬೆಲೆ ಅದು ಬಿದ್ದಿರುವ ಜಾಗದಲ್ಲಿದೆ. ಯಾವ ಮನೆಯ ಪಕ್ಕ, ಯಾವ ಪದರದಲ್ಲಿ, ಯಾವುದರ ಜೊತೆ ಎಂಬುದು ತಪ್ಪಿದ ಕ್ಷಣವೇ ಅದು ಬರೀ ಚೂರು, ಮತ್ತೆ ಅದನ್ನು ಸರಿಪಡಿಸಲು ಯಾರಿಂದಲೂ ಆಗದು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆದು, ಇದ್ದಲ್ಲೇ ಬಿಡಿ. ಲೋಹಶೋಧಕ ಬಳಸಲು ಅನೇಕ ದೇಶಗಳಲ್ಲಿ ಪರವಾನಗಿ ಬೇಕು.

ಮನೆಯ ನಕ್ಷೆಗೆ 30 ಮೀಟರ್ ಟೇಪು, ಗ್ರಾಫ್ ಹಾಳೆ, ಪೆನ್ಸಿಲ್ ಸಾಕು. ಮಳೆಯಲ್ಲಿ ಪೆನ್ನಿನ ಶಾಯಿ ಹರಡುತ್ತದೆ. ಉದ್ದನೆಯ ಗೋಡೆಯ ಗುಂಟ ಟೇಪು ಹಾಸಿ, ಪ್ರತಿ 1 ಮೀಟರಿಗೆ ಲಂಬವಾಗಿ ಎದುರು ಗೋಡೆಯವರೆಗೆ ಅಳೆಯಿರಿ. 1 ಸೆಂಟಿಮೀಟರಿಗೆ 1 ಮೀಟರಿನಂತೆ ಬರೆಯಿರಿ. ಮೂಲೆ ಚೌಕವೇ ಎಂದು ತಿಳಿಯಲು ಒಂದು ಬದಿಯಲ್ಲಿ 3, ಇನ್ನೊಂದರಲ್ಲಿ 4 ಮೀಟರ್ ಗುರುತು ಮಾಡಿ. ಕರ್ಣ 5 ಬಂದರೆ ಚೌಕ. ಉತ್ತರ ದಿಕ್ಕು ಯಾವುದೆಂದು ಪ್ರತಿ ಹಾಳೆಯಲ್ಲೂ ಬರೆಯಿರಿ. ಚಿತ್ರಗಳನ್ನು ನಾಲ್ಕೂ ಬದಿಯಿಂದ ತೆಗೆದು, ಕ್ಯಾಮೆರಾ ಯಾವ ಕಡೆ ನೋಡುತ್ತಿತ್ತು ಎಂದು ಅಲ್ಲೇ ಟಿಪ್ಪಣಿ ಮಾಡಿ.

ನಿಖರವಾದ ಜಾಗವನ್ನು ಪುರಾತತ್ತ್ವ ಇಲಾಖೆಗೆ ಕೊಡಿ, ಅಂತರ್ಜಾಲದಲ್ಲಿ ಹಾಕಬೇಡಿ. ನಿಧಿ ಹುಡುಕುವವರು ಅದನ್ನು ನೋಡುತ್ತಿರುತ್ತಾರೆ. ಹಂಚುವ ಚಿತ್ರದ ಕಡತದೊಳಗೆ ಅಡಗಿರುವ ಸ್ಥಳ ಮಾಹಿತಿಯನ್ನೂ ಮೊದಲು ಅಳಿಸಿ. ಇಲಾಖೆಗೆ ಕೊಡುವ ನಕ್ಷೆಯಲ್ಲಿ ಏನೂ ಸಿಗದೆ ನಡೆದು ಮುಗಿಸಿದ ಸಾಲುಗಳನ್ನೂ, ಪೊದೆ ದಟ್ಟವಾಗಿ ಹೊಕ್ಕು ನೋಡಲಾಗದ ತುಂಡುಗಳನ್ನೂ ಬೇರೆ ಬೇರೆ ಬಣ್ಣದಲ್ಲಿ ತೋರಿಸಿ. ಮುಂದಿನ ಬೇಸಿಗೆಯಲ್ಲಿ ಯಾರೇ ಹೋದರೂ ಆ ಎರಡನೆಯ ಬಣ್ಣದಿಂದ ಕೆಲಸ ಶುರುಮಾಡಬಹುದು.