ಬಾಲ ನೋಡಿ ಮಂಗಟ್ಟೆ ಗುರುತಿಸಿದ್ದು: ನನ್ನ ಅನುಭವ

ಕಪ್ಪು ಮೈ, ಬಿಳಿ ಹೊಟ್ಟೆ, ಹಳದಿ ಕೊಕ್ಕು, ಕೊಕ್ಕಿನ ಮೇಲೊಂದು ಕೊಂಬು. ಇಷ್ಟು ಕಂಡರೆ ಸಾಕು, ನನ್ನ ಡೈರಿಯಲ್ಲಿ "ದೊಡ್ಡ ಮಂಗಟ್ಟೆ" (ಗ್ರೇಟ್ ಹಾರ್ನ್‌ಬಿಲ್) ಅಂತ ಬೀಳುತ್ತಿತ್ತು. ಎರಡು ವರ್ಷ ಹೀಗೇ ಬರೆದೆ. ಮುಕ್ಕಾಲು ಪಾಲು ತಪ್ಪು! ದಾಂಡೇಲಿಯ ಟಿಂಬರ್ ಡಿಪೋ ಹತ್ತಿರ ನಾನು ನೋಡುತ್ತಿದ್ದದ್ದು ಬಹುತೇಕ ಮಲಬಾರ್ ಪೈಡ್ ಹಾರ್ನ್‌ಬಿಲ್, ಅಂದರೆ ಕಪ್ಪು-ಬಿಳಿ ಮಂಗಟ್ಟೆ.

ದೊಡ್ಡದು ಹತ್ತಿರ ಹತ್ತಿರ ಒಂದು ಮೀಟರ್ ಉದ್ದ, ಪೈಡ್ ಸುಮಾರು 65 ಸೆಂ.ಮೀ. ಅಷ್ಟು ವ್ಯತ್ಯಾಸ ಇದ್ದರೆ ಗೊತ್ತಾಗಲ್ವಾ ಅಂತ ಕೇಳಬಹುದು. ಎತ್ತರದ ಮರದ ತುದಿಯಲ್ಲಿ, ಹಿಂದೆ ಬಿಸಿಲಿರುವಾಗ, ಗಾತ್ರ ನಂಬಬೇಡಿ. ನಾನು ಮೋಸ ಹೋದದ್ದೇ ಅಲ್ಲಿ.

ಈಗ ಹಕ್ಕಿ ಹಾರುವವರೆಗೂ ಕಾಯುತ್ತೇನೆ. ಬಾಲ ಬಿಚ್ಚಿದಾಗ ನಡುವಿನ ಗರಿ ಕಪ್ಪು, ಎರಡೂ ಪಕ್ಕದ್ದು ತುದಿಯವರೆಗೆ ಬಿಳಿ ಇದ್ದರೆ ಅದು ಪೈಡ್. ದೊಡ್ಡ ಮಂಗಟ್ಟೆಯ ಬಿಳಿ ಬಾಲಕ್ಕೆ ಅಡ್ಡಲಾಗಿ ಕಪ್ಪು ಪಟ್ಟಿ ಇರುತ್ತದೆ. ಪೈಡ್‌ನ ರೆಕ್ಕೆಯಲ್ಲಿ ಹಿಂದಿನ ಅಂಚು ಮಾತ್ರ ಬಿಳಿ, ದೊಡ್ಡದಕ್ಕೆ ರೆಕ್ಕೆಯ ನಡುವೆಯೂ ಅಗಲವಾದ ಬಿಳಿ ಗೆರೆ. ಕುತ್ತಿಗೆಯೂ ಸಹಾಯಕ್ಕೆ ಬರುತ್ತದೆ: ಪೈಡ್‌ಗೆ ಕಪ್ಪು, ದೊಡ್ಡದಕ್ಕೆ ಅರಿಶಿನ ಬಳಿದ ಹಾಗೆ. ಆ ಹಳದಿ ಹುಟ್ಟು ಬಣ್ಣ ಅಲ್ಲ, ಬಾಲದ ಬುಡದ ಗ್ರಂಥಿಯ ಎಣ್ಣೆಯನ್ನು ಅದೇ ಹಚ್ಚಿಕೊಳ್ಳೋದು. ಕೊಂಬೇ ಇಲ್ಲದ ಬೂದು ಬಣ್ಣದ ಹಕ್ಕಿ ಗಹಗಹಿಸಿ ನಕ್ಕ ಹಾಗೆ ಕೂಗಿದರೆ ಅದು ಮಲಬಾರ್ ಬೂದು ಮಂಗಟ್ಟೆ, ಅದರಲ್ಲಿ ಗೊಂದಲವಿಲ್ಲ.

ಗಂಡು ಹೆಣ್ಣು ಗುರುತಿಸೋಕೆ ಪೈಡ್‌ನ ಕಣ್ಣಿನ ಸುತ್ತ ನೋಡಿ. ಹೆಣ್ಣಿಗೆ ಅಲ್ಲಿನ ಚರ್ಮ ಬಿಳಿ, ಗಂಡಿಗೆ ಕಪ್ಪು, ಕಣ್ಣು ಕೆಂಪು. ಬೈನಾಕ್ಯುಲರ್ ಇಲ್ಲದೆ ಇದು ಆಗದ ಕೆಲಸ.

ಆದರೆ ಹಕ್ಕಿ ನಿಜವಾಗಿ ಅರ್ಥವಾದದ್ದು ಒಂದು ಬೇಸಿಗೆಯಲ್ಲಿ, ಒಂದೇ ಪೊಟರೆಯ ಮುಂದೆ ಕೂತಾಗ. ಹೆಣ್ಣು ಒಳಗೆ ಸೇರಿ, ತನ್ನದೇ ಹಿಕ್ಕೆ, ಹಣ್ಣಿನ ತಿರುಳು ಎಲ್ಲ ಮೆತ್ತಿ ಬಾಗಿಲು ಮುಚ್ಚಿಕೊಂಡಿತ್ತು. ಉಳಿದದ್ದು ಕೊಕ್ಕು ತೂರುವಷ್ಟು ಸೀಳು. ಮೊದಲ ದಿನ ಫೋಟೋ ಆಸೆಗೆ ಮರದ ಹತ್ತಿರವೇ ನಿಂತೆ. ಗಂಡು ಬಂತು, ಗಂಟಲು ಉಬ್ಬಿತ್ತು, ಪಕ್ಕದ ಮರದಲ್ಲಿ ಕೂತು ಕೂತು ತಿನ್ನಿಸದೆ ಹಾರಿ ಹೋಯಿತು. ಜೊತೆಗಿದ್ದ, ಕಾಡು ಕಾಯುವ ವಾಚರ್ ಮೆಲ್ಲಗೆ ಹೇಳಿದರು, "ಸರ್, ಹಿಂದೆ ಬನ್ನಿ. ನೀವಿದ್ರೆ ಅದು ಬರಲ್ಲ, ಒಳಗಿರೋದು ಉಪವಾಸ." ನಾಚಿಕೆಯಾಯಿತು.

ಮರುದಿನ ದೂರದಲ್ಲಿ, ಪೊದೆಯ ಮರೆಯಲ್ಲಿ ಕೂತೆ. ಗಂಡು ಬಂದು ತೊಗಟೆ ಹಿಡಿದು, ತಲೆ ಒಮ್ಮೆ ಝಾಡಿಸಿತು. ಕೊಕ್ಕಿನ ತುದಿಗೆ ಒಂದು ಅತ್ತಿಹಣ್ಣು ಬಂತು. ಸೀಳಿನೊಳಗೆ ಕೊಟ್ಟಿತು. ಮತ್ತೆ ಝಾಡಿಸಿತು, ಮತ್ತೊಂದು. ಒಟ್ಟು 17 ಎಣಿಸಿದೆ! ಅಷ್ಟೂ ಗಂಟಲಲ್ಲೇ ಇದ್ದವು. ಅಲ್ಲಿಂದ ಹಾರಿದಾಗ ರೆಕ್ಕೆ ಸದ್ದು ಪೊದೆಯವರೆಗೂ ಕೇಳಿಸಿತು. ರೆಕ್ಕೆಗರಿಗಳ ಬುಡವನ್ನು ಕೆಳಗಿನಿಂದ ಮುಚ್ಚುವ ಸಣ್ಣ ಗರಿಗಳು ಮಂಗಟ್ಟೆಗಳಿಗೆ ಇಲ್ಲ, ಸಂದಿಯಲ್ಲಿ ಗಾಳಿ ನುಗ್ಗಿ ಆ ಸದ್ದು.

ಇನ್ನೊಂದು ಉಪಾಯ. ಹಕ್ಕಿ ಹುಡುಕಬೇಡಿ, ಹಣ್ಣಾದ ಮರ ಹುಡುಕಿ. ಗೋಳಿ, ಬಸರಿ, ಅತ್ತಿ ಯಾವುದಾದರೂ ಸರಿ. ಕಾಸರಕದ ಬೀಜ ವಿಷ, ಆದರೂ ಅದರ ಹಣ್ಣನ್ನೂ ಇವು ತಿನ್ನುತ್ತವೆ. ತಿರುಳು ಅರಗಿಸಿ, ದಪ್ಪ ಬೀಜ ಉಗುಳಿಬಿಡುತ್ತವೆ.

ಮಳೆ ಶುರುವಾಗುವ ಹೊತ್ತಿಗೆ ಮತ್ತೆ ಹೋದಾಗ ಪೊಟರೆಯ ಬಾಗಿಲು ಒಡೆದಿತ್ತು. ಪಕ್ಕದ ಕೊಂಬೆಯಲ್ಲಿ ಕೊಂಬು ಸರಿಯಾಗಿ ಬೆಳೆಯದ ಒಂದು ಹಕ್ಕಿ, ತೂಗಾಡುತ್ತಾ ಕೂತಿತ್ತು. ಇದ್ಯಾವ ಜಾತಿಯಪ್ಪಾ ಅಂತ ಪುಸ್ತಕ ತೆಗೆಯುವಷ್ಟರಲ್ಲಿ ಅದು ಹಾರಿತು. ಬಾಲದ ಎರಡೂ ಪಕ್ಕ ಪೂರ್ತಿ ಬಿಳಿ. ಅದೇ ಪೊಟರೆಯ ಮರಿ!