ದೇವರ ಹೆಸರಿಲ್ಲದೆ ಊರ ಕೆಲಸ: ಶುರು ಮಾಡುವುದು ಹೇಗೆ?

ಮಲೆನಾಡಿನಲ್ಲಿ ಸೇವೆ ಮಾಡಬೇಕೆನಿಸಿದವರಿಗೆ ದಾರಿ ಮೊದಲೇ ಸಿದ್ಧವಾಗಿರುತ್ತದೆ. ದೇವಸ್ಥಾನದ ಸಮಿತಿ, ಮಠದ ಭಕ್ತವೃಂದ, ಗಣಪತಿ ಪೆಂಡಾಲು, ಮಸೀದಿಯ ಜಮಾತು, ಚರ್ಚಿನ ಯುವಕ ಸಂಘ: ಎಲ್ಲಿ ಹೋದರೂ ಸೌಟು ಹಿಡಿಯುವುದರಿಂದ ಪಾರ್ಕಿಂಗ್ ನೋಡಿಕೊಳ್ಳುವ ತನಕ ಕೈತುಂಬ ಕೆಲಸ. ದೇವರಲ್ಲಿ ನಂಬಿಕೆ ಇಲ್ಲದವರು ಇದೇ ಉತ್ಸಾಹದಲ್ಲಿ ಏನಾದರೂ ಶುರು ಮಾಡಿದರೆ ಮೊದಲ ವರ್ಷ ಜೋರು, ಎರಡನೇ ವರ್ಷ ತಣ್ಣಗೆ. ಜಾತ್ರೆಗಾದರೆ ದಿನ ಗೊತ್ತಿದೆ, ಸೇರುವ ಜಾಗ ಗೊತ್ತಿದೆ, ಬಂದವರಿಗೆ ಊಟವಿದೆ, ಲೆಕ್ಕ ಬರೆಯುವ ಒಬ್ಬರಿದ್ದಾರೆ. ಈ ನಾಲ್ಕನ್ನು ದೇವರ ಹೆಸರಿಲ್ಲದೆ ಜೋಡಿಸಿಕೊಂಡರೆ ಕೆಲಸ ವರ್ಷವರ್ಷವೂ ಮುಂದುವರಿಯುತ್ತದೆ. ರಕ್ತದಾನ ಶಿಬಿರವನ್ನೇ ಮಾದರಿಯಾಗಿ ಹಿಡಿದು ಅದನ್ನು ಇಲ್ಲಿ ವಿವರಿಸಿದ್ದೇವೆ.

ಐದಾರು ಜನ ಸಾಕು

ಸಂಘ ನೋಂದಣಿಗೆ ಮೊದಲ ದಿನವೇ ಓಡಬೇಕಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಸದಸ್ಯರು ಬೇಕು. ಎರಡು ಶಿಬಿರ ಮುಗಿದ ಮೇಲೂ ಏಳು ಜನ ಉಳಿದಿದ್ದರೆ ಆಗ ಯೋಚಿಸಿ. ಲೋಗೋ, ಟೀ ಶರ್ಟು, ಪದಾಧಿಕಾರಿಗಳ ಪಟ್ಟಿ ಇವೆಲ್ಲ ಕೆಲಸಕ್ಕಿಂತ ಮುಂಚೆ ಬಂದರೆ ಜಗಳವೂ ಮುಂಚೆಯೇ ಬರುತ್ತದೆ.

ಒಂದು ಮಾತು ಮಾತ್ರ ಆರಂಭದಲ್ಲೇ ಆಗಬೇಕು: ದೇವರಿದ್ದಾನೋ ಇಲ್ಲವೋ ಎಂಬ ಚರ್ಚೆ ಕೆಲಸದ ದಿನ ಬೇಡ. ಬ್ಯಾನರಿನಲ್ಲಿ ದೇವರ ಚಿತ್ರ, ಜಾತಿಯ ಹೆಸರು, ಪಕ್ಷದ ಬಣ್ಣ ಇರುವುದಿಲ್ಲ ಎಂದ ಮೇಲೆ ‘ನಾಸ್ತಿಕರ ಬಳಗ’ ಎಂಬ ಹೆಸರೂ ಇರಬಾರದು. ರಕ್ತ ಕೊಡಲು ಬಂದ ಅಜ್ಜಿಯ ಮೊಮ್ಮಗನಿಗೆ ನಿಮ್ಮ ಅಭಿಪ್ರಾಯಕ್ಕೆ ತಲೆಯಾಡಿಸುವ ಬಾಧ್ಯತೆ ಯಾಕಿರಬೇಕು? ನಾಟಿಗೂ ಕೊಯ್ಲಿಗೂ ಮುಯ್ಯಾಳು (ಕೂಲಿಯಿಲ್ಲದೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು) ಹೋಗುವಾಗ ನಮ್ಮ ಕಡೆ ಯಾರೂ ಯಾರ ಭಕ್ತಿಯನ್ನೂ ಕೇಳುವುದಿಲ್ಲ. ಆಸ್ತಿಕರು ತಂಡಕ್ಕೆ ಬಂದರೆ ಧಾರಾಳವಾಗಿ ಸೇರಿಸಿಕೊಳ್ಳಿ.

ದಿನ ಹಿಡಿಯಲು ಪಂಚಾಂಗ ಬೇಕು

ದಿನ ನೋಡಿ ಹೊರಡದವರಿಗೂ ಶಿಬಿರದ ತಾರೀಕು ಗೊತ್ತುಮಾಡುವಾಗ ಗೋಡೆಯ ಕ್ಯಾಲೆಂಡರ್ ತಪ್ಪಿದ್ದಲ್ಲ. ಏಕಾದಶಿ, ಶಿವರಾತ್ರಿ, ಶ್ರಾವಣದ ಒಪ್ಪತ್ತಿನ ಸೋಮವಾರ ಮತ್ತು ಶನಿವಾರ, ರಂಜಾನ್ ತಿಂಗಳ ರೋಜಾ, ಈ ದಿನಗಳಲ್ಲಿ ಅರ್ಧ ಊರು ಖಾಲಿ ಹೊಟ್ಟೆಯಲ್ಲಿರುತ್ತದೆ. ಖಾಲಿ ಹೊಟ್ಟೆಯವರಿಂದ ರಕ್ತ ತೆಗೆಯುವುದಿಲ್ಲ, ತೆಗೆದರೆ ತಲೆಸುತ್ತು ಬರುವ ಸಾಧ್ಯತೆ ಹೆಚ್ಚು. ಶಿವಮೊಗ್ಗದ ಕೋಟೆ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ. ಆ ವಾರದಲ್ಲಿ ಸ್ವಯಂಸೇವಕರೂ ಸಿಗುವುದಿಲ್ಲ.

ಅಡಿಕೆ ಕೊಯ್ಲು, ಸುಲಿತ, ಬೇಯಿಸುವ ಕೆಲಸ ಹಿಡಿದ ತಿಂಗಳುಗಳನ್ನೂ ಬಿಡಿ. ಉಳಿದದ್ದರಲ್ಲಿ ಎರಡು ದಿನ ಒಳ್ಳೆಯವು: ಏಪ್ರಿಲ್ ತಿಂಗಳ ಮೂರನೇ ಭಾನುವಾರ, ಆಗಸ್ಟ್ ತಿಂಗಳ ಕೊನೆಯ ಭಾನುವಾರ. ಏಪ್ರಿಲ್-ಮೇಯಲ್ಲಿ ಕಾಲೇಜುಗಳಿಗೆ ರಜೆ. ವಿದ್ಯಾರ್ಥಿ ದಾನಿಗಳನ್ನೇ ನಂಬಿದ ರಕ್ತ ಕೇಂದ್ರಗಳಿಗೆ ಅದು ಬರಗಾಲ. ಆಗಸ್ಟ್ ಕೊನೆಗೆ ನಾಟಿ ಮುಗಿದಿರುತ್ತದೆ, ಆದರೆ ಮಳೆಗಾಲದ ಡೆಂಗಿಯಿಂದ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಬೇಡಿಕೆ ಮುಗಿದಿರುವುದಿಲ್ಲ. ಎರಡು ದಾನಗಳ ನಡುವೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಅಂತರ ಬೇಕು. ಈ ಎರಡು ಭಾನುವಾರಗಳ ನಡುವೆ ಅಷ್ಟು ದಿನ ಸಿಗುತ್ತದೆ. ಗೌರಿ-ಗಣೇಶ ಆಗಸ್ಟಿನಲ್ಲೇ ಬಂದ ವರ್ಷ ಒಂದು ವಾರ ಮುಂದೆ ಹಾಕಿ.

ಒಮ್ಮೆ ಹಿಡಿದ ದಿನವನ್ನು ಪ್ರತಿವರ್ಷ ಬದಲಾಯಿಸಬೇಡಿ. ‘ಏಪ್ರಿಲ್ ಮೂರನೇ ಭಾನುವಾರ’ ಎಂದರೆ ಶಿಬಿರ ಎಂದು ಊರಿಗೆ ಬಾಯಿಪಾಠವಾಗಬೇಕು.

ಎಷ್ಟು ಯೂನಿಟ್?

ನೂರು, ಇನ್ನೂರು ಯೂನಿಟ್ (ಒಬ್ಬರು ಕೊಡುವ ಒಂದು ಚೀಲ ರಕ್ತ) ಎಂದು ಪೋಸ್ಟರ್ ಹಾಕುವ ಚಪಲ ಬೇಡ. ತೆಗೆದ ರಕ್ತಕ್ಕೂ ಆಯುಸ್ಸಿದೆ: ಪ್ಲೇಟ್‌ಲೆಟ್ 5 ದಿನ, ಕೆಂಪು ರಕ್ತಕಣ ಚೀಲದಲ್ಲಿರುವ ದ್ರಾವಣಕ್ಕೆ ತಕ್ಕಂತೆ 35ರಿಂದ 42 ದಿನ. ನಾಯಕರ ಹುಟ್ಟುಹಬ್ಬಕ್ಕೆ ಒಂದೇ ದಿನ ರಾಶಿ ಹಾಕಿದರೆ ಅದರಲ್ಲಿ ಒಂದಿಷ್ಟು ಚೆಲ್ಲಬೇಕಾಗುತ್ತದೆ, ಮತ್ತು ಆ ದಾನಿಗಳೆಲ್ಲ ಮೂರು ತಿಂಗಳು ಯಾರಿಗೂ ಸಿಗುವುದಿಲ್ಲ. ಹೋಬಳಿ ಮಟ್ಟದಲ್ಲಿ 40 ಯೂನಿಟ್ ಹದವಾದ ಗುರಿ. ಅದಕ್ಕೆ 60 ಜನರ ಹೆಸರು ಬರೆದುಕೊಳ್ಳಿ; ಮೂವರಲ್ಲಿ ಒಬ್ಬರು ಬರುವುದಿಲ್ಲ, ಇಲ್ಲವೇ ತಪಾಸಣೆಯಲ್ಲಿ ವಾಪಸಾಗುತ್ತಾರೆ ಎಂದೇ ಲೆಕ್ಕ ಹಿಡಿಯಿರಿ.

ಸರ್ಕಾರಿ ಆಸ್ಪತ್ರೆಯ ರಕ್ತ ಕೇಂದ್ರಕ್ಕೆ ಒಂದು ತಿಂಗಳ ಮೊದಲು ಪತ್ರ ಕೊಡಿ. ಶಿವಮೊಗ್ಗದವರಿಗೆ ಮೆಗ್ಗಾನ್ ಆಸ್ಪತ್ರೆ ಹತ್ತಿರದ್ದು. ಪತ್ರದಲ್ಲಿ ದಿನಾಂಕ, ಜಾಗ, ನಿರೀಕ್ಷಿತ ದಾನಿಗಳ ಸಂಖ್ಯೆ ಮತ್ತು ಇಬ್ಬರ ಫೋನ್ ನಂಬರ್ ಇದ್ದರೆ ಸಾಕು. ಮಂಚ, ಚೀಲ, ವೈದ್ಯರು, ತಂತ್ರಜ್ಞರು ಅವರ ಕಡೆಯಿಂದ ಬರುತ್ತಾರೆ. ತಿಂಡಿ ಯಾರದ್ದು, ವಾಹನ ಯಾರದ್ದು ಎಂದು ಆಗಲೇ ಕೇಳಿಕೊಳ್ಳಿ.

ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆಯವರು ಇನ್ನೊಂದು ಸಂಗತಿ ಗಮನಿಸಬೇಕು. ರಕ್ತದಿಂದ ಪ್ಲೇಟ್‌ಲೆಟ್ ಬೇರ್ಪಡಿಸುವ ಕೆಲಸ ತೆಗೆದ ಕೆಲವೇ ಗಂಟೆಗಳೊಳಗೆ ಆಗಬೇಕು, ಸಾಮಾನ್ಯವಾಗಿ 6 ಗಂಟೆ ಎಂದು ಹಿಡಿಯುತ್ತಾರೆ. ಮಳೆಯಲ್ಲಿ ಶಿವಮೊಗ್ಗ ತಲುಪಲು ಎರಡು ಗಂಟೆಗೂ ಹೆಚ್ಚು ಬೇಕಾಗಬಹುದು. ಆದ್ದರಿಂದ ಬೆಳಿಗ್ಗೆ 9ಕ್ಕೆ ಶುರು, ಮಧ್ಯಾಹ್ನ 1ಕ್ಕೆ ಮುಕ್ತಾಯ. ಮುಖ್ಯ ಅತಿಥಿಗಾಗಿ ಹನ್ನೊಂದರ ತನಕ ಕಾಯುವ ಶಿಬಿರದಲ್ಲಿ ಮೊದಲು ಹಾಳಾಗುವುದು ಈ ಪ್ಲೇಟ್‌ಲೆಟ್‌ಗಳೇ.

ಜಾಗ ಮತ್ತು ಪ್ರಾರ್ಥನೆಯ ಪ್ರಶ್ನೆ

ನಮ್ಮ ಊರುಗಳಲ್ಲಿ ಒಳ್ಳೆಯ ಸಭಾಂಗಣ ಎಂದರೆ ಒಂದೋ ದೇವಸ್ಥಾನದ್ದು, ಇಲ್ಲವೇ ಒಂದು ಸಮುದಾಯದ್ದು. ಎಲ್ಲರೂ ಹಿಂಜರಿಕೆಯಿಲ್ಲದೆ ಮೆಟ್ಟಿಲು ಹತ್ತುವ ಜಾಗ ಸರ್ಕಾರಿ ಶಾಲೆ, ಪಂಚಾಯಿತಿ ಸಭಾಂಗಣ, ಸಹಕಾರ ಸಂಘದ ಕಟ್ಟಡ. ಶಾಲೆಯಾದರೆ ಮುಖ್ಯೋಪಾಧ್ಯಾಯರಿಗೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೂ ಪತ್ರ ಕೊಟ್ಟು ಲಿಖಿತ ಒಪ್ಪಿಗೆ ಪಡೆಯಿರಿ. ನೆಲಮಹಡಿ ಇರಲಿ, ಗಾಳಿ ಆಡಲಿ, ಶೌಚಾಲಯದಲ್ಲಿ ನೀರು ಬರಲಿ. ಚೀಲವನ್ನು ಅಲುಗಿಸುತ್ತ ತೂಗುವ ಯಂತ್ರಕ್ಕೂ ಕೊಳವೆ ಮುಚ್ಚುವ ಸೀಲರ್‌ಗೂ ಕರೆಂಟು ಬೇಕು. ಆಗಸ್ಟಿನ ಕರೆಂಟನ್ನು ನಂಬಿ ಕೂರಬೇಡಿ, ಶಾಮಿಯಾನದವರ ಹತ್ತಿರ ಜನರೇಟರ್ ಹೇಳಿಡಿ.

ದೇವಸ್ಥಾನದವರೇ ಸಭಾಂಗಣ ಕೊಡುತ್ತೇವೆಂದರೆ? ಎಲ್ಲ ಜಾತಿ-ಧರ್ಮದವರಿಗೂ ಒಂದೇ ಬಾಗಿಲು, ಒಂದೇ ಊಟದ ಸಾಲು ಎಂದು ಒಪ್ಪಿದರೆ ತೆಗೆದುಕೊಳ್ಳಬಹುದು. ಒಪ್ಪದಿದ್ದರೆ ಶಾಲೆಯ ಜಗಲಿಯೇ ಮೇಲು.

ಉದ್ಘಾಟನೆಗೆ ದೀಪ, ಪ್ರಾರ್ಥನೆ ಬೇಡವೆಂದರೆ ಆ ಜಾಗ ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ಯಾರೋ ಎದ್ದು ಶ್ಲೋಕ ಹೇಳಿಯೇ ಹೇಳುತ್ತಾರೆ, ಇನ್ಯಾರೋ ಮುಖ ಸಿಂಡರಿಸುತ್ತಾರೆ. ಸಂವಿಧಾನದ ಪೀಠಿಕೆ ಓದಿಸಿ. ಎರಡು ನಿಮಿಷದ ಕೆಲಸ. ವೈಜ್ಞಾನಿಕ ಮನೋಭಾವವನ್ನೂ ಮಾನವೀಯತೆಯನ್ನೂ ಒಂದೇ ಸಾಲಿನಲ್ಲಿ ಹೇಳುವ 51ಎ ವಿಧಿಯ ಮೂಲಭೂತ ಕರ್ತವ್ಯಗಳನ್ನು (1976ರಲ್ಲಿ ಸೇರಿದ್ದು) ಬ್ಯಾನರಿನ ಕೆಳಗೆ ಬರೆಸಿದರೂ ಚೆನ್ನ. ಆಸ್ಪತ್ರೆಯ ಸಿಬ್ಬಂದಿ ವ್ಯಾನಿನೆದುರು ನಿಂಬೆಹಣ್ಣು ಇಟ್ಟರೆ ಸುಮ್ಮನಿರಿ.

ಶಿಬಿರದ ಬೆಳಿಗ್ಗೆ

ನಾಲ್ಕು ಮಂಚಕ್ಕೆ ಹತ್ತು ಸ್ವಯಂಸೇವಕರು ಬೇಕು: ಹೆಸರು ಬರೆಯಲು ಇಬ್ಬರು, ಸಾಲು ನೋಡಲು ಒಬ್ಬರು, ಮಂಚದ ಹತ್ತಿರ ಇಬ್ಬರು, ವಿಶ್ರಾಂತಿ ಜಾಗಕ್ಕೆ ಇಬ್ಬರು, ತಿಂಡಿಗೆ ಇಬ್ಬರು, ಫೋನಿಗೆ ಒಬ್ಬರು.

ದಾನಿಗೆ 18ರಿಂದ 65 ವಯಸ್ಸು, ಕನಿಷ್ಠ 45 ಕಿಲೋ ತೂಕ, 12.5 ಗ್ರಾಂ ಹಿಮೋಗ್ಲೋಬಿನ್ ಇರಬೇಕು. 350 ಮಿ.ಲೀ. ತೆಗೆಯುವುದು ವಾಡಿಕೆ; 450 ಮಿ.ಲೀ. ಕೊಡಲು 55 ಕಿಲೋಗಿಂತ ಹೆಚ್ಚಿರಬೇಕು. ಹಿಂದಿನ ರಾತ್ರಿ ಕುಡಿದವರು, ನಿದ್ದೆಗೆಟ್ಟವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ವರ್ಷದೊಳಗೆ ಹಚ್ಚೆ ಹಾಕಿಸಿಕೊಂಡವರು ಅಥವಾ ನಾಯಿ ಕಚ್ಚಿ ಚುಚ್ಚುಮದ್ದು ತೆಗೆದುಕೊಂಡವರು, ಡೆಂಗಿಯಿಂದ ಗುಣವಾಗಿ ಆರು ತಿಂಗಳಾಗದವರು ಕಾಯಬೇಕು. ಮಂಗನ ಕಾಯಿಲೆ ಬಂದುಹೋದವರು ವೈದ್ಯರಿಗೆ ಅದನ್ನು ಹೇಳಲೇಬೇಕು. ಈ ಪಟ್ಟಿಯನ್ನು ಒಂದು ವಾರ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಹಾಕಿದರೆ ಹತ್ತು ಕಿಲೋಮೀಟರ್ ಬಂದು ಬೇಸರದಿಂದ ವಾಪಸಾಗುವವರು ಕಡಿಮೆಯಾಗುತ್ತಾರೆ.

ಬಹಳ ಶಿಬಿರಗಳು ತಪ್ಪುವುದು ವೈದ್ಯರ ಮೇಜಿನ ಬಳಿ. ಅಲ್ಲಿ ಕೇಳುವ ಪ್ರಶ್ನೆಗಳು ಖಾಸಗಿ: ಕಾಮಾಲೆ, ಲೈಂಗಿಕ ಸಂಪರ್ಕ, ಮಾದಕ ಚುಚ್ಚುಮದ್ದು. ಪಕ್ಕದಲ್ಲೇ ಭಾವ, ಚಿಕ್ಕಪ್ಪ, ಸ್ವಯಂಸೇವಕ ನಿಂತಿದ್ದರೆ ಯಾರು ನಿಜ ಹೇಳುತ್ತಾರೆ? ಪ್ರತಿ ಚೀಲಕ್ಕೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಆಗುತ್ತದಾದರೂ ಸೋಂಕು ತಗುಲಿದ ಹೊಸತರಲ್ಲಿ ಪರೀಕ್ಷೆಗೆ ಸಿಗದೆ ಹೋಗಬಹುದು. ಅದಕ್ಕೆ ಮೇಜನ್ನು ಮೂಲೆಗೆ ಸರಿಸಿ, ಎರಡು ಬೆಂಚಿಗೆ ಸೀರೆಯೋ ಬೆಡ್‌ಶೀಟೋ ಕಟ್ಟಿ ಮರೆ ಮಾಡಿ, ಮುಂದಿನವರ ಕುರ್ಚಿ ಎಂಟು ಅಡಿ ದೂರ ಇಡಿ. ವಾಪಸ್ ಕಳುಹಿಸಲ್ಪಟ್ಟವರನ್ನು ‘ಯಾಕಂತೆ?’ ಎಂದು ಕೇಳುವುದು ಬೇಡ. ಅವರಿಗೂ ಮಜ್ಜಿಗೆ ಕೊಡಿ.

ಹೆಲ್ಮೆಟ್, ಕುಕ್ಕರ್, ಛತ್ರಿ ಹಂಚಬೇಡಿ. ಉಡುಗೊರೆಯ ಆಸೆಗೆ ಬಂದವರು ಕಾಯಿಲೆ ಮುಚ್ಚಿಡುತ್ತಾರೆ.

ಮಂಚದ ಮೇಲೆ ಹತ್ತು ನಿಮಿಷ. ಆಮೇಲೆ ಕಡ್ಡಾಯವಾಗಿ ಹದಿನೈದು ನಿಮಿಷ ಕೂರಿಸಿ. ತಲೆಸುತ್ತಿ ಬೀಳುವುದು ಸೂಜಿ ಚುಚ್ಚುವಾಗ ಕಡಿಮೆ, ಎದ್ದು ನಡೆದು ತಿಂಡಿಯ ಸಾಲಿನಲ್ಲಿ ನಿಂತಾಗ ಹೆಚ್ಚು. ಆದ್ದರಿಂದ ತಿಂಡಿಯನ್ನೇ ಕುರ್ಚಿಗೆ ತಲುಪಿಸಿ. ಮುಖ ಬಿಳುಚಿ ಬೆವರತೊಡಗಿದರೆ ಅಲ್ಲೇ ಮಲಗಿಸಿ, ಕಾಲಡಿ ಎರಡು ದಿಂಬು ಕೊಟ್ಟು ಎತ್ತರ ಮಾಡಿ, ಸುತ್ತಲಿನವರನ್ನು ಚದುರಿಸಿ ವೈದ್ಯರನ್ನು ಕರೆಯಿರಿ. ಬಾಯಿಗೆ ನೀರು ಹೊಯ್ಯಬೇಡಿ.

40 ದಾನಿಗಳಿಗೂ ತಂಡಕ್ಕೂ ಸೇರಿ 20 ಲೀಟರ್ ಮಜ್ಜಿಗೆ, 100 ಬಾಳೆಹಣ್ಣು, ಒಂದೊಂದು ಪೊಟ್ಟಣ ಬಿಸ್ಕತ್ತು, 60 ಜನಕ್ಕೆ ಚಿತ್ರಾನ್ನ. ಆ ದಿನ ರಕ್ತ ಕೊಟ್ಟ ಕೈಯಲ್ಲಿ ಭಾರ ಎತ್ತುವಂತಿಲ್ಲ. ಅಡಿಕೆ ಗೊನೆ ಕೊಯ್ಯುವ ಕೊನೆಗಾರರು 24 ಗಂಟೆ ಅಡಿಕೆ ಮರ ಏರಬಾರದು, ಬಸ್ಸು-ಜೆಸಿಬಿ ಓಡಿಸುವವರು ಮರುದಿನ ಡ್ಯೂಟಿಗೆ ಹೋದರೆ ಸಾಕು. ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಚೀಟಿಯಲ್ಲಿ ಅಚ್ಚು ಹಾಕಿಸಿ ಕೈಗೆ ಕೊಡಿ.

ಲೆಕ್ಕ ಮತ್ತು ಪಟ್ಟಿ

ಚಂದಾ ಎತ್ತಿದರೆ ರಸೀದಿ ಹರಿಯಿರಿ, ಇಬ್ಬರ ಜಂಟಿ ಖಾತೆಯಲ್ಲಿಡಿ. ಶಿಬಿರ ಮುಗಿದ ವಾರದೊಳಗೆ ಒಂದು ಹಾಳೆಯ ಲೆಕ್ಕವನ್ನು ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಅಂಟಿಸಿ: ಬಂದದ್ದು, ಮಜ್ಜಿಗೆಗೆ ಹೋದದ್ದು, ಜನರೇಟರ್ ಬಾಡಿಗೆ, ಉಳಿದದ್ದು. ದೇವಸ್ಥಾನದ ಹುಂಡಿ ಲೆಕ್ಕವನ್ನು ಪ್ರಶ್ನಿಸುವ ನಾಲಿಗೆ ನಮ್ಮ ಲೆಕ್ಕಕ್ಕೂ ಸಿದ್ಧವಾಗಿರುತ್ತದೆ.

ದಾನಿಗಳ ಪಟ್ಟಿಯಲ್ಲಿ ಐದು ಕಲಂ ಸಾಕು: ಹೆಸರು, ಗುಂಪು, ಊರು, ಫೋನ್, ಕೊನೆಯ ದಾನದ ದಿನಾಂಕ. ಈ ಪುಸ್ತಕ ಇಬ್ಬರ ಬಳಿ ಮಾತ್ರ ಇರಲಿ. ದೊಡ್ಡ ಗ್ರೂಪುಗಳಿಗೆ ಹಾಕಿದರೆ ದಲ್ಲಾಳಿಗಳ ಕೈ ಸೇರುತ್ತದೆ. ರಕ್ತ ಮಾರುವುದು ಅಪರಾಧ. ರಾತ್ರಿ ‘ಅರ್ಜೆಂಟ್ ಒ ನೆಗೆಟಿವ್’ ಎಂದು ಕರೆ ಬಂದಾಗ ಮೊದಲು ರಕ್ತ ಕೇಂದ್ರಕ್ಕೇ ಫೋನ್ ಮಾಡಿ ಎಷ್ಟು ಬೇಕೆಂದು ಕೇಳಿ, ಅಷ್ಟೇ ಜನರನ್ನು ಕಳುಹಿಸಿ. ಐವರು ಓಡಿದರೆ ಮುಂದಿನ ವಾರದ ರೋಗಿಗೆ ಯಾರೂ ಉಳಿಯುವುದಿಲ್ಲ.

ಸತ್ತ ಮೇಲಿನ ಕೊಡುಗೆ

ನೇತ್ರದಾನಕ್ಕೆ ಸಾವಿನಿಂದ 6 ಗಂಟೆಯೊಳಗೆ ಕಣ್ಣು ತೆಗೆಯಬೇಕು. ಮಾಡಬೇಕಾದ್ದು ಇಷ್ಟು: ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ಫ್ಯಾನ್ ಆರಿಸಿ, ತಲೆಯಡಿ ದಿಂಬು ಕೊಡಿ, ನೇತ್ರ ಬ್ಯಾಂಕಿಗೆ ಫೋನ್ ಮಾಡಿ. ಕೆಲಸ ಇಪ್ಪತ್ತು ನಿಮಿಷದ್ದು, ಮುಖ ವಿಕಾರವಾಗುವುದಿಲ್ಲ, ಸಂಸ್ಕಾರಕ್ಕೂ ತಡವಾಗುವುದಿಲ್ಲ. ಕನ್ನಡಕ, ಪೊರೆಯ ಶಸ್ತ್ರಚಿಕಿತ್ಸೆ, ಸಕ್ಕರೆ ಕಾಯಿಲೆ ಅಡ್ಡಿಯಲ್ಲ. ಎಚ್‌ಐವಿ, ಹೆಪಟೈಟಿಸ್, ರೇಬೀಸ್ ಇದ್ದರೆ ಆಗದು.

ದೇಹದಾನಕ್ಕೆ ವೈದ್ಯಕೀಯ ಕಾಲೇಜಿನ ಅಂಗರಚನಾಶಾಸ್ತ್ರ ವಿಭಾಗದಲ್ಲಿ ಫಾರಂ ಸಿಗುತ್ತದೆ. ಮರಣೋತ್ತರ ಪರೀಕ್ಷೆ ಆದ ದೇಹ ತೆಗೆದುಕೊಳ್ಳುವುದಿಲ್ಲ. ಸಹಿ ಮಾಡಿ ಬೀರುವಿನಲ್ಲಿ ಇಟ್ಟ ಕಾಗದಕ್ಕೆ ಬೆಲೆ ಕಡಿಮೆ, ಏಕೆಂದರೆ ಸತ್ತ ಮೇಲೆ ಒಪ್ಪಿಗೆ ಕೊಡಬೇಕಾದವರು ಮನೆಯವರು. ನಿಮಗೆ ತಿಥಿಯಲ್ಲಿ ನಂಬಿಕೆ ಇರದಿರಬಹುದು, ಅಮ್ಮನಿಗೆ, ಹೆಂಡತಿಗೆ ಇರಬಹುದು. ದೇಹವಿಲ್ಲದೆ ಅವರು ಏನು ಮಾಡಬಯಸುತ್ತಾರೋ ಅದನ್ನು ಅವರಿಗೆ ಬಿಡುತ್ತೇನೆಂದು ಬದುಕಿರುವಾಗಲೇ ಕೂತು ಮಾತಾಡಿ. ಮನೆಯಲ್ಲೇ ಸಾವಾದರೆ ವೈದ್ಯರಿಂದ ಸಾವಿನ ಕಾರಣದ ಪ್ರಮಾಣಪತ್ರ ಪಡೆಯುವುದು ಮೊದಲ ಕೆಲಸ; ಅದಿಲ್ಲದೆ ಕಾಲೇಜಿನವರು ದೇಹ ಒಳಗೆ ತೆಗೆದುಕೊಳ್ಳಲಾರರು.

ಮೇ ತಿಂಗಳ ಇನ್ನೊಂದು ಕೆಲಸ

ರಕ್ತ, ಆಸ್ಪತ್ರೆ ಎಂದರೆ ಕೈಕಾಲು ನಡುಗುವವರಿಗೆ ಕಾಲುಸಂಕದ (ಹಳ್ಳ ದಾಟುವ ಕಿರುಸೇತುವೆ) ಕೆಲಸವಿದೆ. ಅಡಿಕೆ ಮರದ ಸಂಕ ಮಳೆಗೆ ಬೇಗ ಕೊಳೆತು ಕುಂಬಾಗುತ್ತದೆ, ಪಾಚಿ ಕಟ್ಟಿ ಜಾರುತ್ತದೆ. ಮೇ ಮೊದಲ ವಾರ ನಾಲ್ವರು ಹೋಗಿ ಪ್ರತಿ ಮರವನ್ನೂ ಕತ್ತಿಯ ಮೊನೆಯಿಂದ ಚುಚ್ಚಿ ನೋಡಿ; ಸಲೀಸಾಗಿ ಒಳಗಿಳಿದರೆ ಬದಲಿಸಿ. ಒಂದೇ ಮರ ಹಾಕಬೇಡಿ, ಮೂರು ಜೋಡಿಸಿ ಮೂರು ಕಡೆ ಬಿಗಿಯಿರಿ. ಸೊಂಟದೆತ್ತರಕ್ಕೆ ಎರಡೂ ಬದಿ ನೈಲಾನ್ ಹಗ್ಗ ಎಳೆದು ದಡದ ಗಟ್ಟಿ ಮರಕ್ಕೆ ಕಟ್ಟಿ. ಹಳ್ಳದ ಅಗಲ, ಕಳೆದ ಮಳೆಗಾಲದ ನೀರಿನ ಗುರುತು, ದಾಟುವ ಶಾಲಾ ಮಕ್ಕಳ ಸಂಖ್ಯೆ, ಎರಡು ಫೋಟೊ ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು, ಕಾಂಕ್ರೀಟ್ ಸಂಕ ಬೇಕೆಂದು ಮೊದಲು ವಾರ್ಡ್ ಸಭೆಯಲ್ಲಿ, ಆಮೇಲೆ ಗ್ರಾಮಸಭೆಯಲ್ಲಿ ಕೊಡಿ. ನಡಾವಳಿ ಪುಸ್ತಕದಲ್ಲಿ ಬರೆಸಿ, ಅರ್ಜಿಯ ಪ್ರತಿಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಎದ್ದು ಬನ್ನಿ.